ಕಾರಲ್ಲಿ ನೀರು ನಿಂತರೆ ಅದು ಅವ್ವನ ತಪ್ಪಾ?

ಅಷ್ಟು ಮಾತು ಕೇಳಿಸಿಕೊಂಡು ಸುಮ್ನೆ ಬಂದೆ. ಈಗಲೂ ಮೈ ಉರಿಯುತ್ತಿದೆ. ಬರೆಯದಿದ್ದರೆ ಇವತ್ತು ನಿದ್ದೆ ಬರೋದಿಲ್ಲ.

ಮುಂದಿನ ಗಾಜಿನ ಸುತ್ತ ಸಿಲಿಕಾನ್ ಹಾಕಿದ್ದೀವಿ, ಇನ್ನು ಒಂದು ಹನಿ ಬರಲ್ಲ ಅಂದಿದ್ದ ಗ್ಯಾರೇಜಿನವನು. ದುಡ್ಡೂ ಎಣಿಸಿಕೊಂಡಿದ್ದ. ಅದಾದ ಮೊದಲ ಮಳೆಗೇ ಎಡಗಡೆ ಮುಂದಿನ ಸೀಟಿನ ಕಾಲ ಬುಡದಲ್ಲಿ ಮತ್ತೆ ನೀರು. ಬೆಳಗಾವಿಯ ಮಳೆ ಗೊತ್ತಲ್ವಾ, ಹಿಡಿದರೆ ಬಿಡೋದಿಲ್ಲ. ಜುಲೈಯಲ್ಲಿ ಮ್ಯಾಟ್ ಒಣಗಿಸೋಕೆ ಬಿಸಿಲು ಎಲ್ಲಿಂದ ತರಲಿ? ಅದಕ್ಕೇ ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಹಾಗೇ ಉದ್ಯಮಬಾಗದ ಅವನ ಗ್ಯಾರೇಜಿಗೆ ಹೋದೆ.

ಅವನು ಬಾಗಿಲು ತೆಗೆದ. ಅವ್ವ ಇನ್ನೂ ಸೀಟಿನಲ್ಲೇ ಕೂತಿದ್ದಳು. ಇಳಕಲ್ ಸೀರೆಯ ಅಂಚು ತೊಯ್ದು ಕಾಲಿಗೆ ಅಂಟಿತ್ತು. ಅವನು ಕೆಳಗೆ ನೋಡಿದ, ಅವಳ ಮುಖ ನೋಡಿದ, ನನ್ನ ಕಡೆ ತಿರುಗಿದ. "ಸಾಹೇಬ್ರ, ಇದು ಮಳಿ ನೀರ ಅಲ್ರಿ. ಅಜ್ಜಿನ ಕೇಳ್ರಿ ಮದ್ಲ" ಅಂದ. ಹುಡುಗರು ಕಿಸಕ್ಕನೆ ನಕ್ಕರು. ಅಲ್ಲಿದ್ದ ಗಿರಾಕಿಗಳೂ ನಕ್ಕರು.

ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. "ನಾ ಏನೂ ಚೆಲ್ಲಿಲ್ಲೋ ತಮ್ಮಾ, ಬಾಟ್ಲಿ ಚೀಲದಾಗ ಐತಿ ನೋಡು" ಅಂತ ಚೀಲದಿಂದ ಬಾಟಲಿ ತೆಗೆದು ತೋರಿಸಿದಳು. ಮುಚ್ಚಳ ಗಟ್ಟಿ ಇದೆ ಅಂತ ತಿರುಗಿಸಿಯೂ ತೋರಿಸಿದಳು. ನಗು ಇನ್ನೂ ಜಾಸ್ತಿಯಾಯಿತು. ಆಗ ಅವಳಿಗೆ ಗೊತ್ತಾಯಿತು. ಸೆರಗು ಎಳೆದುಕೊಂಡು ಮುಖ ಆ ಕಡೆ ಮಾಡಿದಳು. ಊರಲ್ಲಿ ಹಿರಿಯರು ಕೂಡ ಎದ್ದು ನಿಂತು ಮಾತಾಡಿಸೋ ಹೆಣ್ಣುಮಗಳು ಅವಳು! ನಾನು ಬಾಯಿ ತೆಗೆಯೋ ಮೊದಲೇ "ನಡಿ ಮನಿಗೆ" ಅಂದಳು. ದಾರಿಯುದ್ದಕ್ಕೂ ಮಾತಿಲ್ಲ. ಆ ಬಾಟಲಿ ಹಿಡಿದ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಒಂದು ಬೆರಳು ಅದ್ದಿ ನೋಡಿದ್ದರೆ ಸಾಕಿತ್ತು. ಅಂಟಂಟಾಗಿ ಸಿಹಿ ವಾಸನೆ ಬಂದರೆ ಹೀಟರ್‌ನಿಂದ ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಸೋರುತ್ತಿದೆ. ಎಸಿ ಹಾಕಿದಾಗ ಮಾತ್ರ ತಿಳಿನೀರು ಬಂದರೆ ಎಸಿ ನೀರು ಹೊರಗೆ ಹೋಗೋ ಪೈಪು ಕಟ್ಟಿದೆ. ಮಳೆಗೆ ಮಾತ್ರ ಬಂದರೆ ಹೊರಗಿನ ನೀರು. ಇಷ್ಟು ತಿಳಿಯೋಕೆ ಯಾವ ಮಷಿನ್ ಬೇಕು? ಅವನು ಬಗ್ಗಲೂ ಇಲ್ಲ.

ಮಳೆ ಬಿಟ್ಟ ಮೇಲೆ ಅಕ್ಕನ ಮಗನನ್ನು ಕರೆದೆ. ಕೆಳಗೆ ಹಳೆ ಪೇಪರ್ ಹಾಸಿ, ಟಾರ್ಚ್ ಹಿಡಿದು ಅವನು ಒಳಗೆ ಕೂತ. ನಾನು ಹೊರಗಿಂದ ಪೈಪಿನಲ್ಲಿ ನೀರು ಬಿಟ್ಟೆ. ಮೊದಲು ಬಾಗಿಲಿನ ಅಡಿಗೆ, ಆಮೇಲೆ ನಿಧಾನವಾಗಿ ಮೇಲಕ್ಕೆ. ಒಮ್ಮೆಲೇ ಮೇಲಿಂದ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತಾಗೋದಿಲ್ಲ. ಕಿಟಕಿಯ ರಬ್ಬರ್‌ಗೆ ನೀರು ಬಿದ್ದದ್ದೇ ತಡ, "ಮಾಮಾ, ಬಂತ ನೋಡ" ಅಂದ. ಮುಂದಿನ ಗಾಜಿನ ಹತ್ತಿರ ಪೈಪು ಹೋಗೇ ಇರಲಿಲ್ಲ.

ಬಾಗಿಲಿನ ಒಳಬದಿಯ ಹೊದಿಕೆ, ಡೋರ್ ಪ್ಯಾಡ್, ಬಿಚ್ಚಿದೆವು. ಹಿಂದಿನ ಪ್ಲಾಸ್ಟಿಕ್ ಹಾಳೆ ಅರ್ಧ ಹರಿದು ಜೋತುಬಿದ್ದಿತ್ತು. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ಮಳೆನೀರು ಇಳಿಯೋದು ಹೊಸ ಕಾರಲ್ಲೂ ಇದ್ದದ್ದೇ. ಅದು ಬಾಗಿಲಿನ ಅಡಿಯ ತೂತುಗಳಿಂದ ಹೊರಗೆ ಹೋಗುತ್ತದೆ. ನೀರು ಕಾರಿನೊಳಗೆ ಬರದ ಹಾಗೆ ತಡೆಯೋದು ಆ ಹಾಳೆ. ಹಾಳೆ ಹರಿದರೆ ನೀರು ನೇರ ಕಾರ್ಪೆಟ್ಟಿಗೆ. ಆ ಪ್ಯಾಡ್ ಕೊನೆಗೆ ಬಿಚ್ಚಿದ್ದು ಯಾರು? ಕಿಟಕಿಯ ಮೋಟಾರ್ ಬದಲಿಸುವಾಗ ಅವರೇ! ತಾವೇ ಹರಿದು, ಹಾಗೇ ಮುಚ್ಚಿ, ಆಮೇಲೆ ಸೋರದ ಗಾಜಿಗೆ ಸಿಲಿಕಾನ್ ಬಳಿದು ದುಡ್ಡು ತೆಗೆದುಕೊಂಡಿದ್ದಾರೆ.

ವೈಪರ್ ಕೆಳಗಿನ ಜಾಲರಿ ತೆಗೆದರೆ ಅಲ್ಲೂ ಎಲೆ ಕೊಳೆತು ನೀರು ಇಳಿಯೋ ದಾರಿ ಮುಚ್ಚಿತ್ತು. ಅಲ್ಲಿ ನೀರು ತುಂಬಿದರೆ ಒಳಗೆ ಗಾಳಿ ಬೀಸೋ ಬ್ಲೋವರ್ ಬಾಯಿಂದ ಒಳಗೇ ಬರುತ್ತದೆ. ಫುಲ್ ಸರ್ವಿಸ್ ಅಂತ ಬಿಲ್ ಕೊಟ್ಟವರು ಅದನ್ನೂ ಮುಟ್ಟಿಲ್ಲ.

ಹೋಗಲಿ ಬಿಡಿ. 2008ರ ಕಾರು, ಮಾರಿಬಿಡೋಣ ಅನಿಸಿತು. ಯಾಕೆ ಮಾರಬೇಕು? 15 ವರ್ಷ ಮುಗಿದ ಮೇಲೆ ಆರ್‌ಟಿಒಗೆ ಅಲೆದು, ಹಸಿರು ತೆರಿಗೆ ಕಟ್ಟಿ, ಮತ್ತೆ 5 ವರ್ಷಕ್ಕೆ ನೋಂದಣಿ ಮಾಡಿಸಿದ್ದೀನಿ. ಇಂಜಿನ್ ಗಟ್ಟಿ ಇದೆ. ಅಪ್ಪನನ್ನು ಕೊನೆಯವರೆಗೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಇದೇ ಕಾರಲ್ಲಿ. ಮಾರಲ್ಲ. ಆದರೆ ಕಾರ್ಪೆಟ್ ಎತ್ತಿದರೆ ಹೊಟ್ಟೆಯಲ್ಲಿ ಸಂಕಟ. ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್ ಹಿಂಡಿದರೆ ನೀರು. ತಗಡಿಗೆ ತುಕ್ಕು ಶುರುವಾಗಿದೆ. ಅದಕ್ಕೆ ಯಾರು ಜವಾಬ್ದಾರಿ?

ಜಗಳ ಬೇಡ ಅಂತಾಳೆ ಅವ್ವ. ಸರಿ, ಹೋಗಲ್ಲ. ಇಲ್ಲ, ಹೋಗೇ ಹೋಗ್ತೀನಿ. ಆ ಹರಿದ ಹಾಳೆ ಅದೇ ಹುಡುಗರ ಮುಂದೆ ಅವನ ಟೇಬಲ್ ಮೇಲೆ ಇಡ್ತೀನಿ. ದುಡ್ಡು ವಾಪಸ್ ಬೇಡ. ಮನೆಗೆ ಬಂದು ಅವ್ವನ ಮುಂದೆ ತಪ್ಪಾಯ್ತು ಅನ್ನಲಿ.

ಗ್ಯಾರೇಜ್ ನಡೆಸೋರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ಬೇರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ನೀರು ತಡೆಯೋ ರಬ್ಬರಿನಂಥ ಬ್ಯೂಟೈಲ್ ಟೇಪ್ ಹಚ್ಚಿ ಅಂಟಿಸೋಕೆ ನಿಮಗೆ ಎಷ್ಟು ಹೊತ್ತು ಬೇಕು? ಅಷ್ಟೂ ಮಾಡದೆ ಸೀಟಿನಲ್ಲಿ ಕೂತ ಮುದುಕಿಯ ಮೇಲೆ ಹಾಕಿ ನಗೋದು ಯಾವ ಊರಿನ ನ್ಯಾಯ? ಹೇಳಿ.