ಡಬಲ್ ಕ್ಲಿಕ್ಕಿನ ಅರ್ಧ ಸೆಕೆಂಡು

“ಡಬಲ್ ಕ್ಲಿಕ್ ಮಾಡಿ ಸರ್. ಎರಡು ಸಲ. ಹಾಗಲ್ಲ, ಇನ್ನೂ ಬೇಗ. ಅಯ್ಯೋ, ಮೌಸ್ ಅಲ್ಲಾಡಿಸ್ಬೇಡಿ ಸರ್! ಕೊಡಿ ಇಲ್ಲಿ, ನಾನ್ ಮಾಡ್ಕೊಡ್ತೀನಿ.”

ಈ ‘ಕೊಡಿ ಇಲ್ಲಿ’ಯನ್ನು ಒಂದು ಸುತ್ತೋಲೆ ಹೊರಡಿಸಿ ಎಲ್ಲ ಕಚೇರಿಗಳಲ್ಲೂ ನಿಷೇಧಿಸಬೇಕು. ಇವತ್ತು ಬೆಳಿಗ್ಗೆಯೂ ಕಿವಿಗೆ ಬಿತ್ತು, ನಾಳೆಯೂ ಬೀಳುತ್ತದೆ. ರಾಜ್ಯ ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕೆಂದು 2012ರಲ್ಲಿ ನಿಯಮ ಬಂದ ಮೇಲೆ, ಫೈಲಿನ ದಾರ ಬಿಚ್ಚುವುದರಲ್ಲೇ ಅರ್ಧ ಸರ್ವಿಸ್ ಮುಗಿಸಿದ್ದವರೆಲ್ಲ ಮೌಸ್ ಹಿಡಿಯಬೇಕಾಯಿತು. ಹಿಡಿಯುತ್ತಾರೆ, ಹಿಡಿಯಲು ಅವರೇನೂ ಹಿಂಜರಿಯುವುದಿಲ್ಲ. ಆದರೆ ಹಿಡಿದು ಹತ್ತು ಸೆಕೆಂಡು ಆಗುವುದರೊಳಗೆ ಪಕ್ಕದಲ್ಲಿ ನಿಂತ ಹುಡುಗನ ಕೈ ಅವರ ಕೈಯ ಮೇಲೆ ಬಂದು ಕೂತಿರುತ್ತದೆ. ಪಟಪಟ ಅಂತ ಏನೋ ಒತ್ತುತ್ತಾನೆ, ಪರದೆಯ ಮೇಲೆ ಏನೇನೋ ತೆರೆದು ಮುಚ್ಚುತ್ತದೆ. “ನೋಡಿದ್ರಲ್ಲ ಸರ್, ಇಷ್ಟೇ.” ಸೈಕಲ್ ಕಲಿಯಬೇಕು ಅಂದವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ ತಂದು ಇಳಿಸಿದ ಹಾಗೆ.

ಹುಡುಗನನ್ನು ಬಿಡಿ, ಅವನಿಗೆ ಊಟದ ಹೊತ್ತಾಗಿರುತ್ತದೆ. ನಿಜವಾದ ತಕರಾರು ಇರುವುದು ಡಬಲ್ ಕ್ಲಿಕ್ಕಿನ ಮೇಲೆ. ಹೊಸಬರಿಗೆ ಕಂಪ್ಯೂಟರ್ ಕೊಡುವ ಕಷ್ಟದಲ್ಲಿ ಅರ್ಧಕ್ಕರ್ಧ ಪಾಲು ಇದೊಂದರದ್ದೇ.

ವಿಂಡೋಸ್ ಲೆಕ್ಕ ಹೀಗಿದೆ. ಮೊದಲ ಕ್ಲಿಕ್ ಆಗಿ 500 ಮಿಲಿಸೆಕೆಂಡಿನೊಳಗೆ, ಅಂದರೆ ಅರ್ಧ ಸೆಕೆಂಡಿನೊಳಗೆ, ಎರಡನೆಯದು ಬೀಳಬೇಕು. ಅಷ್ಟೇ ಅಲ್ಲ, ಎರಡೂ ಕ್ಲಿಕ್ ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ಒಂದು ಚೌಕದೊಳಗೇ ಬೀಳಬೇಕು. ಪರದೆಯ ಮೇಲೆ ಅದು ಸಾಸಿವೆ ಕಾಳಿನಷ್ಟು ಜಾಗವೂ ಅಲ್ಲ. ಕಲಿಯುವವರು ಮಾಡುವುದೇನು? ‘ಬೇಗ’ ಅಂದದ್ದು ಕೇಳಿ ಬೆರಳಿನಿಂದಲ್ಲ, ಮೊಣಕೈಯಿಂದ ಬಲ ಹಾಕಿ ಒತ್ತುತ್ತಾರೆ. ಗುಂಡಿಯ ಜೊತೆಗೆ ಇಡೀ ಮೌಸ್ ಮುಂದಕ್ಕೆ ಜಾರುತ್ತದೆ. ಚೌಕ ದಾಟಿತು, ಡಬಲ್ ಕ್ಲಿಕ್ ಆಗಲಿಲ್ಲ. ಏನೂ ಆಗದೆ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ಗುಂಡಿ ಒತ್ತಿದಾಗಲೇ ಮೌಸ್ ಸರಿದರೆ ಕಂಪ್ಯೂಟರ್ ಅದನ್ನು ‘ಎಳೆದು ಬಿಡು’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಸಂಬಳದ ಬಿಲ್ಲಿನ ಫೈಲು ಪಕ್ಕದಲ್ಲೇ ಇದ್ದ ‘ಹಳೆಯದು’ ಎಂಬ ಫೋಲ್ಡರಿನೊಳಗೆ ಸದ್ದಿಲ್ಲದೆ ಹೋಗಿ ಕೂರುತ್ತದೆ. ಯಾರನ್ನೂ ಒಂದು ಮಾತು ಕೇಳುವುದಿಲ್ಲ. ಬೇಡದ ಹೊತ್ತಿನಲ್ಲಿ ನೂರು ಸಲ ‘ಖಚಿತವೇ?’ ಎಂದು ಕೇಳುವ ಯಂತ್ರ ಇಲ್ಲಿ ಮಾತ್ರ ಮೌನಿ.

ಇದಕ್ಕೆ ಹೆದರಿ ನಿಧಾನವಾಗಿ ಒತ್ತಿದರೋ, ಇನ್ನೊಂದು ಅವಾಂತರ. ಫೈಲಿನ ಹೆಸರಿನ ಮೇಲೆ ಒಂದು ಕ್ಲಿಕ್, ಸ್ವಲ್ಪ ತಡೆದು ಇನ್ನೊಂದು ಕ್ಲಿಕ್ ಬಿದ್ದರೆ ‘ಇವರಿಗೆ ಹೆಸರು ಬದಲಿಸಬೇಕಾಗಿದೆ’ ಎಂದು ವಿಂಡೋಸ್ ತೀರ್ಮಾನಿಸುತ್ತದೆ. ಹೆಸರು ನೀಲಿಯಾಗುತ್ತದೆ. ನೀಲಿಯಾದದ್ದು ಯಾಕೆಂದು ತಿಳಿಯದೆ ಒಂದು ಕೀ ಮುಟ್ಟಿದರೆ ಹಳೆಯ ಹೆಸರು ಪೂರ್ತಿ ಅಳಿಸಿಹೋಗಿ ಆ ಒಂದು ಅಕ್ಷರ ಉಳಿಯುತ್ತದೆ. ಗಾಬರಿಯಲ್ಲಿ ಬೇರೆಲ್ಲೋ ಕ್ಲಿಕ್ ಮಾಡಿದರೆ ಅದೇ ಕಾಯಂ. ‘ಮಾರ್ಚ್ ತಿಂಗಳ ಪ್ರಯಾಣ ಭತ್ಯೆ’ ಎಂಬ ಫೈಲು ಹೀಗೆ ‘ಜ’ ಎಂದು ಮರುನಾಮಕರಣಗೊಂಡು, ಆಡಿಟ್ ಬಂದಾಗ ಮೂರು ಜನ ಕೂತು ಹುಡುಕುವಂತಾಗುತ್ತದೆ.

ಈ ಎರಡಕ್ಕೂ ಮದ್ದು ಇದೆ, ಯಾರೂ ಹೇಳಿಕೊಡುವುದಿಲ್ಲ ಅಷ್ಟೇ. ಹೆಸರಿನ ಮೇಲೆ ಒತ್ತಬೇಡಿ, ಅದರ ಮೇಲಿರುವ ಚಿತ್ರದ ಮೇಲೆ ಒತ್ತಿ. ಚಿತ್ರದ ಮೇಲೆ ಎಷ್ಟು ನಿಧಾನವಾಗಿ ಒತ್ತಿದರೂ ಹೆಸರು ನೀಲಿಯಾಗುವುದಿಲ್ಲ. ನೀಲಿಯಾದರೆ ಎಡ ಮೇಲ್ತುದಿಯ ಎಸ್ಕೇಪ್ ಕೀ ಒತ್ತಿ, ಹಳೆಯ ಹೆಸರೇ ಉಳಿಯುತ್ತದೆ. ಹೆಸರು ಕೆಟ್ಟೇ ಹೋಗಿದ್ದರೆ, ಅಥವಾ ಫೈಲು ಎಲ್ಲಿಗೋ ಜಾರಿದ್ದರೆ, ಬೇರೇನೂ ಮಾಡುವ ಮೊದಲು ಕಂಟ್ರೋಲ್ ಹಿಡಿದುಕೊಂಡು ಜ಼ೆಡ್ ಒತ್ತಿ, ಆದದ್ದು ಆಗದಂತಾಗುತ್ತದೆ. ಇನ್ನು ಡಬಲ್ ಕ್ಲಿಕ್ ಕೈಗೆ ಬರುವುದೇ ಇಲ್ಲವೆನ್ನುವವರು ಅದರ ಹಂಗೇ ಬಿಡಬಹುದು: ಒಂದೇ ಒಂದು ಕ್ಲಿಕ್, ಆಮೇಲೆ ಎಂಟರ್. ಫೈಲು ತೆರೆಯುತ್ತದೆ. ಇಷ್ಟು ಸುಲಭದ ದಾರಿಯನ್ನು ಮೊದಲ ದಿನವೇ ಯಾಕೆ ಹೇಳುವುದಿಲ್ಲವೋ! ಹೇಳಿಬಿಟ್ಟರೆ ‘ಕೊಡಿ ಇಲ್ಲಿ’ ಅನ್ನುವ ಸುಖ ತಪ್ಪಿಹೋಗುತ್ತದೇನೋ.

ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಮೌಸ್ ಎಂಬಲ್ಲಿಗೆ ಹೋದರೆ ಡಬಲ್ ಕ್ಲಿಕ್ಕಿನ ವೇಗಕ್ಕೆಂದೇ ಒಂದು ಪಟ್ಟಿ ಇದೆ. ಅದನ್ನು ‘ಸ್ಲೋ’ ಕಡೆಗೆ ಎಳೆದರೆ ಅರ್ಧ ಸೆಕೆಂಡಿನ ಗಡುವು ಸಡಿಲವಾಗುತ್ತದೆ. ಪಕ್ಕದಲ್ಲೇ ಪರೀಕ್ಷೆಗೆ ಒಂದು ಪುಟ್ಟ ಫೋಲ್ಡರಿನ ಚಿತ್ರವಿದೆ. ಡಬಲ್ ಕ್ಲಿಕ್ ಸರಿಯಾಗಿ ಬಿದ್ದರೆ ಅದು ಬಾಯಿ ತೆರೆಯುತ್ತದೆ, ಇನ್ನೊಮ್ಮೆ ಬಿದ್ದರೆ ಮುಚ್ಚುತ್ತದೆ. ಅಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಯಾವ ಬಿಲ್ಲೂ ಕಳೆದುಹೋಗುವುದಿಲ್ಲ.

ಇದೆಲ್ಲ ಶುರುವಾದದ್ದಾದರೂ ಹೇಗೆ? ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಭೆಯ ಮುಂದೆ ಮೌಸ್ ತೋರಿಸಿದಾಗ ಅದಕ್ಕೆ ಮೂರು ಗುಂಡಿಗಳಿದ್ದವು. 1983ರಲ್ಲಿ ಆಪಲ್ ತನ್ನ ಲೀಸಾ ಕಂಪ್ಯೂಟರಿಗೆ ಕೊಟ್ಟ ಮೌಸಿಗೆ ಒಂದೇ ಗುಂಡಿ, ಹೊಸಬರಿಗೆ ಗೊಂದಲವಾಗಬಾರದಂತೆ! ಗುಂಡಿ ಒಂದೇ, ಕೆಲಸ ಮಾತ್ರ ಎರಡು: ಆರಿಸುವುದು ಮತ್ತು ತೆರೆಯುವುದು. ಹಾಗಾಗಿ ಒಮ್ಮೆ ಒತ್ತಿದರೆ ಆರಿಸು, ಎರಡು ಸಲ ಒತ್ತಿದರೆ ತೆರೆ. ಈಗ ನಮ್ಮ ಮೇಜಿನ ಮೇಲಿರುವ ಮೌಸಿಗೆ ಎರಡು ಗುಂಡಿ, ನಡುವೆ ಒಂದು ಚಕ್ರ ಬೇರೆ. ಆದರೂ ಆ ಒಂಟಿ ಗುಂಡಿಯ ಕಾಲದ ಪದ್ಧತಿಯನ್ನು ನಮ್ಮ ಎಫ್‌ಡಿಎಗಳು ಪಾಲಿಸುತ್ತಲೇ ಇದ್ದಾರೆ.

ಅಂತೂ ಇಂತೂ ಡಬಲ್ ಕ್ಲಿಕ್ ಕೈಗೆ ಹತ್ತಿತು ಅನ್ನಿ. ಆಮೇಲೆ ಅದು ಬಿಡುವುದಿಲ್ಲ. ಕಂಡಕಂಡದ್ದಕ್ಕೆಲ್ಲ ಡಬಲ್ ಕ್ಲಿಕ್. ಪರದೆಯ ಕೆಳಗಿನ ಪಟ್ಟಿಯಲ್ಲಿ ತೆರೆದಿಟ್ಟ ಕಿಟಕಿಯ ಗುರುತಿನ ಮೇಲೆ ಎರಡು ಸಲ ಒತ್ತುತ್ತಾರೆ. ಮೊದಲ ಒತ್ತಿಗೆ ಕಿಟಕಿ ಮೇಲೆ ಬರುತ್ತದೆ, ಎರಡನೆಯದಕ್ಕೆ ಕೆಳಗೆ ಹೋಗುತ್ತದೆ. “ಬಂತು… ಹೋಯ್ತು. ಬಂತು… ಹೋಯ್ತು. ಏನ್ರೀ ಇದು, ಕಂಪ್ಯೂಟರ್ ಕೆಟ್ಟಿದೆ!” ಜಾಲತಾಣದ ಅರ್ಜಿಯಲ್ಲಿ ‘ಸಲ್ಲಿಸು’ ಗುಂಡಿಯ ಮೇಲೂ ಎರಡು ಸಲ ಒತ್ತಿ, ಒಂದೇ ಅರ್ಜಿಗೆ ಎರಡು ನೋಂದಣಿ ಸಂಖ್ಯೆ ಪಡೆದವರುಂಟು. ಸೂತ್ರ ಚಿಕ್ಕದು: ಡೆಸ್ಕ್‌ಟಾಪ್ ಮತ್ತು ಫೋಲ್ಡರಿನೊಳಗಿನ ಚಿತ್ರಗಳಿಗೆ ಎರಡು, ಉಳಿದ ಗುಂಡಿ, ಲಿಂಕು, ಮೆನುಗಳಿಗೆಲ್ಲ ಒಂದು.

ಇನ್ನು ಮೇಜಿನ ವಿಷಯ. ಸರ್ಕಾರಿ ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ರಜಾ ಪಟ್ಟಿ, ದೇವರ ಪಟ, ಫೋನ್ ನಂಬರುಗಳ ಚೀಟಿ. ಮೌಸಿನ ಹೊಟ್ಟೆಯಲ್ಲಿ ಒಂದು ಬೆಳಕು ಉರಿಯುತ್ತದೆ. ಕೆಳಗಿನ ಮೈಯ ಸಣ್ಣಪುಟ್ಟ ಒರಟನ್ನು ನೋಡಿ ನೋಡಿ ತಾನು ಎಷ್ಟು ಸರಿದೆನೆಂದು ಅದು ಲೆಕ್ಕ ಹಾಕುತ್ತದೆ. ನುಣುಪು ಗಾಜಿನಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ. ಬಾಣದ ಗುರುತು ನಿಂತಲ್ಲೇ ನಡುಗುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಮೂಲೆಗೆ ಹಾರುತ್ತದೆ. ಮೌಸ್ ಪ್ಯಾಡಿಗೆ ಇಂಡೆಂಟ್ ಹಾಕಿ ಕಾಯುವುದಕ್ಕಿಂತ ಹೊಳಪಿಲ್ಲದ ಲಗ್ನಪತ್ರಿಕೆಯೊಂದನ್ನು ಮಗುಚಿ ಹಾಕಿಕೊಳ್ಳುವುದು ಉತ್ತಮ. ಮೌಸ್ ಮೇಜಿನ ಅಂಚಿಗೆ ಬಂದು ಮುಂದೆ ಜಾಗವಿಲ್ಲದಾದಾಗ ಕುರ್ಚಿ ಸರಿಸಿಕೊಳ್ಳುವವರಿದ್ದಾರೆ. ಬೇಕಿಲ್ಲ, ಮೌಸನ್ನು ಎತ್ತಿ ನಡುವಿಗೆ ತಂದಿಡಿ. ಎತ್ತಿದಾಗ ಬಾಣ ಇದ್ದಲ್ಲೇ ಇರುತ್ತದೆ. ಬಾಣ ವಿಪರೀತ ಓಡುತ್ತದೆಂದರೆ ಸೆಟ್ಟಿಂಗ್ಸಿನಲ್ಲಿ ಅದರ ವೇಗ 1ರಿಂದ 20ರವರೆಗೆ ಇದೆ, ಮಾಮೂಲಿ 10. ಅದನ್ನು 6ಕ್ಕೋ 7ಕ್ಕೋ ಇಳಿಸಿ ಹಾಯಾಗಿರಿ.

ಕೀಲಿಮಣೆಯಲ್ಲಿ ಕಿರಿಕಿರಿ ಕಡಿಮೆ ಅಂದುಕೊಂಡರೆ ಬಲಗಡೆಯ ಅಂಕಿಗಳ ಗುಂಪು ಕಾದು ಕೂತಿರುತ್ತದೆ. ಆ ಅಂಕಿಗಳನ್ನು ಚಾಲೂ ಮಾಡುವ ನಮ್ ಲಾಕ್ ಕೀ ಆರಿದ್ದರೆ ಅಲ್ಲಿ 8 ಒತ್ತಿದರೆ 8 ಬೀಳುವುದಿಲ್ಲ, ಕರ್ಸರ್ ಮೇಲಿನ ಸಾಲಿಗೆ ಹೋಗುತ್ತದೆ. 7 ಸಾಲಿನ ಮೊದಲಿಗೆ, 1 ಕೊನೆಗೆ. ಇನ್ನು ಪೈಸೆ ಹಾಕಲು ಚುಕ್ಕಿ ಒತ್ತಿದಿರೋ, ಅದು ಡಿಲೀಟ್! ಅಂಕಿ ಬರೆಯಲು ಹೋದವರ ಅಂಕಿಯೇ ಮಾಯ. ಮೇಲಿರುವ ದೀಪ ಉರಿಯುತ್ತಿದೆಯೇ ನೋಡಿಕೊಂಡು ಶುರುಮಾಡಿ.

ಶಿಫ್ಟ್ ಕೀಯದ್ದು ಬೇರೆಯೇ ಕತೆ. ಕೆ.ಪಿ. ರಾಯರ ವಿನ್ಯಾಸವನ್ನು ಅನುಸರಿಸುವ, ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ. ಎನ್ ಒತ್ತಿದರೆ ನ, ಶಿಫ್ಟ್ ಜೊತೆ ಣ. ‘ಹಿಡಿದು’ ಎಂಬುದೇ ಮುಖ್ಯ. ಹೊಸಬರು ಶಿಫ್ಟ್ ಒತ್ತಿ, ಬಿಟ್ಟು, ಆಮೇಲೆ ಎಲ್ ಒತ್ತುತ್ತಾರೆ. ‘ಮಕ್ಕಳ ಗಣತಿ’ ಹೋಗಿ ‘ಮಕ್ಕಲ ಗನತಿ’ ಆಗುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್, ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ. ಇವಿಷ್ಟನ್ನು ಬಾಯಿಪಾಠ ಮಾಡಿದರೆ ಉಳಿದದ್ದು ಉಚ್ಚಾರಣೆಯ ಜಾಡಿನಲ್ಲೇ ಬರುತ್ತದೆ. ಶಿಫ್ಟ್ ಕೆಲಸ ಮಾಡುತ್ತಿಲ್ಲವೆಂದು ಸಿಟ್ಟಿನಿಂದ ಐದು ಸಲ ಕುಟ್ಟಿದರೆ ‘ಸ್ಟಿಕಿ ಕೀಸ್’ ಎಂಬ ಪೆಟ್ಟಿಗೆ ಪರದೆಯ ಮೇಲೆ ಎದ್ದು ಬರುತ್ತದೆ. ಎಲ್ಲರೂ ವೈರಸ್ ಬಂತೆಂದು ಹೆದರಿ ಅದನ್ನು ಮುಚ್ಚುತ್ತಾರೆ. ತಮಾಷೆಯೆಂದರೆ, ಎರಡು ಕೀಗಳನ್ನು ಒಟ್ಟಿಗೆ ಹಿಡಿಯಲಾಗದವರಿಗೆಂದೇ ಮಾಡಿದ ಸೌಕರ್ಯ ಅದು. ‘ಯೆಸ್’ ಎಂದರೆ ಶಿಫ್ಟ್ ಒತ್ತಿ, ಬಿಟ್ಟು, ನಿಧಾನವಾಗಿ ಎಲ್ ಒತ್ತಿದರೂ ಳ ಬರುತ್ತದೆ. ಬೇಕಾದವರ ಬಾಗಿಲಿಗೇ ಬಂದ ಸಹಾಯವನ್ನು ಅವರೇ ಓಡಿಸುವುದು ದಿನವೂ ನಡೆದಿದೆ.

ಈ ಗದ್ದಲದಲ್ಲಿ ಮನಸ್ಸು ಸ್ವಲ್ಪ ಮಂಕಾಗುವುದು ಹಳೆಯ ಟೈಪಿಸ್ಟರನ್ನು ನೋಡಿದಾಗ. ಕಿಟಕಿಯ ಕಡೆ ನೋಡುತ್ತಾ ಪತ್ರ ಮುಗಿಸುತ್ತಿದ್ದವರು ಅವರು. 1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದ ಟೈಪ್‌ರೈಟರಿನ ಇಂಗ್ಲಿಷ್ ಅಕ್ಷರಗಳ ಸಾಲೇ ಹೆಚ್ಚುಕಡಿಮೆ ಇವತ್ತಿಗೂ ಉಳಿದಿರುವುದರಿಂದ, ಎಫ್ ಮತ್ತು ಜೆ ಕೀಗಳ ಮೇಲಿರುವ ಸಣ್ಣ ಉಬ್ಬನ್ನು ತಡವಿ ಬೆರಳಿಡಬೇಕಾದ ಜಾಗವನ್ನು ಅವರು ಕಣ್ಣುಮುಚ್ಚಿ ಹಿಡಿಯುತ್ತಾರೆ. ಆದರೆ ಹಳೆಯ ಅನೇಕ ಯಂತ್ರಗಳಲ್ಲಿ 1 ಎಂಬ ಕೀಯೇ ಇರಲಿಲ್ಲ, ಸಣ್ಣ ಎಲ್ ಅಕ್ಷರವೇ ಒಂದು. ಅದೇ ಅಭ್ಯಾಸದಲ್ಲಿ ಎಕ್ಸೆಲ್ಲಿನಲ್ಲಿ ಎಲ್ ಒತ್ತುತ್ತಾರೆ. ನೋಡಲು ಒಂದೇ ಥರ, ಕೂಡಿಸಲು ಹೋದರೆ ಮೊತ್ತಕ್ಕೆ ಸೇರುವುದಿಲ್ಲ. ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತಾರೆ, ಕ್ಯಾರೇಜು ತಳ್ಳಿದ ಹಾಗೆ. ಆಮೇಲೆ ಅಕ್ಷರದ ಗಾತ್ರ ಬದಲಿಸಿದರೆ ಇಡೀ ಪತ್ರ ಮುರಿದುಬೀಳುತ್ತದೆ. ಹತ್ತು ಬೆರಳಿನ ಅಂಥ ವಿದ್ಯೆ ಇದ್ದವರ ಪಕ್ಕ ಎರಡೇ ಬೆರಳಿನಲ್ಲಿ ಕುಟ್ಟುವ ಹುಡುಗ ನಿಂತು ‘ಕೊಡಿ ಇಲ್ಲಿ’ ಅಂದಾಗ ಅವರು ಏನೂ ಮಾತಾಡದೆ ಕುರ್ಚಿ ಬಿಟ್ಟು ಏಳುತ್ತಾರಲ್ಲ, ಅದು ಸಹಿಸಲಾಗದು.

ಅಭ್ಯಾಸಕ್ಕೆ ಒಳ್ಳೆಯ ಪಾಠ ಒಂದಿದೆ, ಸಾಹೇಬರಿಗೆ ಮಾತ್ರ ಹೇಳಬೇಡಿ. 1990ರ ವಿಂಡೋಸ್ 3.0 ಜೊತೆ ಬಂದ ಸಾಲಿಟೇರ್ ಎಂಬ ಇಸ್ಪೀಟಾಟ. ಎಲೆ ಹಿಡಿದು ಎಳೆದು ಬಿಡುವುದು, ಒಂದೇ ಕ್ಲಿಕ್ಕಿನಲ್ಲಿ ಮಗುಚುವುದು, ಎಲ್ಲವೂ ಅದರಲ್ಲಿ ಬರುತ್ತದೆ. ಎಲೆ ಕೈತಪ್ಪಿದರೆ ಇದ್ದಲ್ಲಿಗೇ ವಾಪಸು, ಯಾವ ಬಿಲ್ಲಿಗೂ ಅಪಾಯವಿಲ್ಲ. ಒಂದು ವಾರ ಊಟದ ಬಿಡುವಿನಲ್ಲಿ ಆಡಿದವರಿಗೆ ಮೌಸ್ ತಾನಾಗಿ ಒಲಿಯುತ್ತದೆ. ಆದರೆ ಕಚೇರಿಯಲ್ಲಿ ಇಸ್ಪೀಟು ಆಡಿದರೆ ನೋಟಿಸು, ಮೌಸ್ ಬಾರದಿದ್ದರೆ ಬಡ್ತಿಗೆ ತಡೆ.

ಇಷ್ಟೆಲ್ಲ ಕಲಿತು ಮನೆಗೆ ಬಂದರೆ ಮಗ ಲ್ಯಾಪ್‌ಟಾಪ್ ತಂದಿರುತ್ತಾನೆ. ಅದರಲ್ಲಿ ಮೌಸೇ ಇಲ್ಲ, ಅಂಕಿಗಳ ಗುಂಪಿಲ್ಲ, ಹಳೆಯ ನುಡಿಯಲ್ಲಿ ಕನ್ನಡಕ್ಕೆ ಬದಲಾಯಿಸುತ್ತಿದ್ದ ಸ್ಕ್ರೋಲ್ ಲಾಕ್ ಕೀಯಂತೂ ಹುಡುಕಿದರೂ ಸಿಗುವುದಿಲ್ಲ. “ಇಲ್ಲಿ ಎರಡು ಬೆರಳಿಟ್ಟು ಸವರಬೇಕಪ್ಪಾ, ಹಾಗಲ್ಲ, ಕೊಡು ಇಲ್ಲಿ” ಎಂದು ಅವನು ಕೈ ಚಾಚುವ ಮೊದಲೇ ಪೇಟೆಗೆ ಹೋಗಿ ತಂತಿಯಿರುವ ಸಾದಾ ಮೌಸೊಂದನ್ನು ಕೊಂಡುತಂದು ಪಕ್ಕದ ಯುಎಸ್‌ಬಿ ಕಿಂಡಿಗೆ ಚುಚ್ಚಿಬಿಡಿ. ಮೊದಲ ಸಲ ಒಳಗೆ ಹೋಗುವುದಿಲ್ಲ. ಮಗುಚಿ ಚುಚ್ಚಿ.