ಸ್ಪಷ್ಟನೆ: ಹಮ್ (ಗುಂಯ್ ಸದ್ದು) ನಿಲ್ಲಿಸಲು ಗಿಟಾರ್ ಆಂಪ್‌ನ ಅರ್ಥ್ ಪಿನ್ ತೆಗೆಯಬೇಡಿ

"ಟ್ಯೂಬ್ ಆಂಪ್ ಗುಂಯ್ ಅಂತಿದ್ರೆ ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ, ಸದ್ದು ನಿಲ್ಲುತ್ತೆ" ಎಂಬ ಮೆಸೇಜು ಗಿಟಾರ್ ನುಡಿಸುವವರ ನಡುವೆ ಓಡಾಡುತ್ತಿದೆ. ಇದು ತಪ್ಪು, ಜೀವಕ್ಕೇ ಅಪಾಯ.

ಗ್ರೌಂಡ್ ಲೂಪ್ (ಎರಡು ಉಪಕರಣಗಳ ಅರ್ಥ್ ಸಿಗ್ನಲ್ ಕೇಬಲ್ ಮೂಲಕವೂ ಸೇರಿ ಸುತ್ತಾಗುವುದು) ಇದ್ದರೆ ಸದ್ದು ನಿಲ್ಲಬಹುದು, ನಿಜ. ಆದರೆ ಒಳಗಿನ 230 ವೋಲ್ಟ್ ವೈರ್ ಬಿಟ್ಟುಕೊಂಡು ಲೋಹದ ಚಾಸಿಗೆ (ಆಂಪ್‌ನ ಒಳಚೌಕಟ್ಟಿಗೆ) ತಾಗಿದರೆ, ಕರೆಂಟ್ ಹೋಗಲು ಅರ್ಥ್ ದಾರಿಯೇ ಇರುವುದಿಲ್ಲ. ಫ್ಯೂಸ್ ಕೂಡ ಹಾರುವುದಿಲ್ಲ. ಗಿಟಾರಿನ ತಂತಿ ಕೇಬಲ್ ಮೂಲಕ ಅದೇ ಚಾಸಿಗೆ ಸೇರಿರುತ್ತದೆ, ಅಲ್ವಾ? ತಂತಿಯ ಮೇಲೆ ಬೆರಳು, ಅರ್ಥ್‌ಗೆ ಸೇರಿರುವ ಎದುರಿನ ಮೈಕ್‌ಗೆ ತುಟಿ. ಅಷ್ಟು ಸಾಕು, ಕರೆಂಟ್ ಮೈಯೊಳಗಿಂದಲೇ ಹಾಯುತ್ತದೆ.

ಹಮ್ ಹುಡುಕುವ ದಾರಿ ಬೇರೆ. ಮೊದಲು ಆಂಪ್‌ನಿಂದ ಗಿಟಾರ್ ಕೇಬಲ್ ಕೀಳಿ. ಸದ್ದು ನಿಂತರೆ ತೊಂದರೆ ಕೇಬಲ್‌ನಲ್ಲೋ ಗಿಟಾರಿನ ಪಿಕಪ್‌ನಲ್ಲೋ (ತಂತಿಯ ಕಂಪನ ಹಿಡಿಯುವ ಭಾಗ) ಇದೆ. ನಿಲ್ಲದಿದ್ದರೆ ವಾಲ್ಯೂಮ್ ತಿರುಗಿಸಿ. ಹಮ್ ಅದರ ಜೊತೆ ಏರಿಳಿದರೆ ಮೊದಲು ಪ್ರಿಆಂಪ್ ಟ್ಯೂಬ್ (ಸಿಗ್ನಲನ್ನು ಮೊದಲ ಹಂತದಲ್ಲಿ ದೊಡ್ಡದು ಮಾಡುವ ಟ್ಯೂಬ್) ಬದಲಿಸಿ ನೋಡಿ. ಏನೂ ಬದಲಾಗದೆ, 100 ಹರ್ಟ್ಸ್‌ನ ಒರಟು ಸದ್ದು ಹಾಗೇ ಇದ್ದರೆ ಕರೆಂಟಿನ ಏರಿಳಿತ ತಗ್ಗಿಸುವ ಹಳೆಯ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ ಜಾಸ್ತಿ. ನಮ್ಮ ಕರೆಂಟ್ 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಅದು ಇಮ್ಮಡಿಯಾಗುತ್ತದೆ. ಸುಮ್ನೆ ನೀವೇ ಬಿಚ್ಚಬೇಡಿ: ಸ್ವಿಚ್ ಆಫ್ ಮಾಡಿದ ಮೇಲೂ ಆ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಗೊತ್ತಿರುವ ರಿಪೇರಿಯವರಿಗೆ ಕೊಡಿ.

ಗ್ರೌಂಡ್ ಲೂಪ್ ಆಗಿದ್ದರೆ ಸಿಗ್ನಲ್ ಲೈನಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ವೈರ್ ನೇರ ಸೇರದೆ ಸಿಗ್ನಲ್ ದಾಟಿಸುವುದು) ಹಾಕಿ. ಪ್ಲಗ್‌ನ ಅರ್ಥ್ ತಂಟೆಗೆ ಹೋಗಬೇಡಿ.

ದಯವಿಟ್ಟು ಆ ಮೆಸೇಜು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಪಿನ್ ತೆಗೆದಿದ್ದರೆ ಇವತ್ತೇ ಹೊಸ ಮೂರು ಪಿನ್ ಪ್ಲಗ್ ಹಾಕಿಸಿ.