ಖುಲಾಸೆಯಾದರೂ ಉಳಿಯುವ ದಾಖಲೆ

ಖುಲಾಸೆಯಾದವರ ಪೊಲೀಸ್ ದಾಖಲೆ ತಾನಾಗಿಯೇ ಅಳಿಸಿಹೋಗುತ್ತದೆ ಎಂದು ನಿಮ್ಮ ಪತ್ರಿಕೆಯ ಲೇಖನದಲ್ಲಿ ಬರೆದಿರುವುದು ಸರಿಯಲ್ಲವೆಂದು ವಿನಯದಿಂದ ತಿಳಿಸಬಯಸುತ್ತೇನೆ. ವಯಸ್ಕರ ಅಪರಾಧ ದಾಖಲೆಯನ್ನು ಅಳಿಸಿಹಾಕುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು, ಮೇಲ್ಮನವಿಯ ಅವಧಿ ಮುಗಿದ ಬಳಿಕ ಮಕ್ಕಳ ದಾಖಲೆಗಳನ್ನು ನಾಶಪಡಿಸಬೇಕೆಂದು ಹೇಳುತ್ತದೆ. ಹದಿನಾರು ತುಂಬಿದವರನ್ನು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆ ನಡೆಸಿ ತಪ್ಪಿತಸ್ಥರೆಂದು ಕಂಡಲ್ಲಿ ಆ ರಕ್ಷಣೆ ಸಿಗುವುದಿಲ್ಲ. ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಮು ಶಿಕ್ಷೆಯಿಂದ ಬರುವ ಅನರ್ಹತೆಯನ್ನಷ್ಟೇ ತೆಗೆಯುತ್ತದೆ, ದಾಖಲೆಯನ್ನಲ್ಲ.

ಧಾರವಾಡದ ಹೈಕೋರ್ಟ್ ಪೀಠದಲ್ಲಿ ಅರ್ಜಿ ಹಾಕಿ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 482ನೇ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಪ್ರಕರಣವನ್ನೇ ರದ್ದುಪಡಿಸಿಕೊಳ್ಳಬಹುದು ಎಂಬುದು ನಿಜ. ಆದರೆ ಪ್ರಕರಣ ರದ್ದಾಗುವುದು ಬೇರೆ, ಠಾಣೆಯ ಪುಸ್ತಕದಿಂದ ಹೆಸರು ಹೋಗುವುದು ಬೇರೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಹುಡುಗನೊಬ್ಬ ಹೊಡೆದಾಟದ ಪ್ರಕರಣದಲ್ಲಿ ಖುಲಾಸೆಯಾಗಿ ಆರು ವರ್ಷವಾಯಿತು. ಪಾಸ್‌ಪೋರ್ಟಿಗೆಂದರೂ ಕೆಲಸಕ್ಕೆಂದರೂ ತೀರ್ಪಿನ ದೃಢೀಕೃತ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡೇ ಹೋಗುತ್ತಾನೆ. ಮಡಿಸಿ ಮಡಿಸಿ ಅದರ ಮೇಲಿನ ಸೀಲು ಅರ್ಧ ಮಾಸಿದೆ. ಅವನನ್ನು ನೋಡಿದಾಗಲೆಲ್ಲ ನನಗೆ ಬಹಳ ಸಂಕಟವಾಗುತ್ತದೆ.

ನೌಕರಿಯ ಅರ್ಜಿಯಲ್ಲಿ ಕೇಳಿದ ಪ್ರಕರಣಗಳನ್ನು, ಖುಲಾಸೆಯಾಗಿದ್ದರೂ, ನಿಜವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಲೇಖನದ ಆ ಸಾಲನ್ನು ನಂಬಿ ಯಾರಾದರೂ ‘ಪ್ರಕರಣವಿಲ್ಲ’ ಎಂದು ಬರೆದುಕೊಟ್ಟರೆ ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ನೌಕರಿಯನ್ನೇ ಕಳೆದುಕೊಳ್ಳಬಹುದು. ದಯವಿಟ್ಟು ಅದನ್ನು ತಿದ್ದಬೇಕೆಂದು ಕೋರುತ್ತೇನೆ.